ನನ್ನ ನೋಟ್‌ಬುಕ್ ಓದಿದ ಒಬ್ಬರೇ ಒಬ್ಬರು

ಕೆಲವು ವಿವರಗಳು ತಪ್ಪಿರಬಹುದು. ಅವರ ಸ್ವೆಟರ್ ಕಂದು ಬಣ್ಣದ್ದೆಂದು ನನ್ನ ನೆನಪು. ನನ್ನ ಗಂಡ ಬೂದು ಎನ್ನುತ್ತಾರೆ. ನಾನು ಅವರನ್ನು ಮೊದಲು ನೋಡಿದ್ದು ಯುಗಾದಿಯ ಊಟದಲ್ಲೋ ಅದಕ್ಕೆ ಮುಂಚೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲೋ, ಖಚಿತವಿಲ್ಲ. ಓದುವ ದಿನಗಳಿಂದಲೂ ನಾನು ದಿನಚರಿ ಬರೆಯುತ್ತೇನೆ. ಹಳೆಯ ಪುಟಗಳನ್ನು ತೆರೆದಾಗಲೆಲ್ಲ ಹಾಳೆಯ ಮೇಲಿರುವುದಕ್ಕೂ ತಲೆಯೊಳಗಿರುವುದಕ್ಕೂ ತಾಳೆಯಾಗುವುದಿಲ್ಲ. ಹಾಗಾಗಿ ಬಣ್ಣ, ವಾರ, ಅಂದು ಏನು ಅಡುಗೆ ಎಂಬಂಥವನ್ನು ಯಾರಾದರೂ ತಿದ್ದಿದರೆ ಒಪ್ಪಿಕೊಳ್ಳುತ್ತೇನೆ. ಮುಖ್ಯ ವಿಷಯವನ್ನು ತಿದ್ದಲು ಬಂದರೆ ಒಪ್ಪುವುದಿಲ್ಲ.

ಅವರು ಹೋಗಿ ಆರು ವಾರವಾಯಿತು. ಇಲ್ಲಿ ಅಮೆರಿಕಾದ ಕ್ಯಾರಿ ಊರಿನಲ್ಲಿರುವ ನಮ್ಮ ಕನ್ನಡದವರೆಲ್ಲ ಸೇರಿ ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದರ ಹೊಣೆ ಹೊತ್ತವರು ಫೋನ್ ಮಾಡಿ, "ಅಂಕಲ್ ಬಗ್ಗೆ ನೀವು ಬರೀಲೇಬೇಕು, ನಿಮಗೆ ಡ್ರೈವಿಂಗ್ ಕಲಿಸಿದ್ದೇ ಅವರಲ್ವಾ" ಎಂದರು. ಎರಡು ಪುಟ ಸಾಕಂತೆ. ಅವರ ಜೊತೆ ತೆಗೆಸಿಕೊಂಡ ಫೋಟೊ ಇದ್ದರೆ ಕೊಡಬೇಕಂತೆ. ಬರೆಯುತ್ತೇನೆ ಎಂದೆ. ಬರೆದದ್ದು ಇದು. ಎರಡು ಪುಟ ಮೀರುತ್ತದೆ. ಅಚ್ಚು ಹಾಕುವುದು ಬಿಡುವುದು ಅವರ ಇಷ್ಟ. ಹಾಕದಿದ್ದರೆ ನಾನೇ ಪ್ರತಿ ಮಾಡಿಸಿ ಒಂದೊಂದು ಮನೆಗೂ ಅಂಚೆಯಲ್ಲಿ ಕಳಿಸುತ್ತೇನೆ. ಅಂಕಲ್ ಹೆಸರು ಮಾತ್ರ ಬರೆಯುವುದಿಲ್ಲ. ಸಂಚಿಕೆಯ ಉಳಿದ ಎಲ್ಲ ಪುಟಗಳಲ್ಲೂ ಆ ಹೆಸರು ಇರುತ್ತದೆ. ಒಂದು ಕಡೆಯಾದರೂ ಇಲ್ಲದಿರಲಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ.

ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಕಾರು ಓಡಿಸಲು ಬಾರದ ಹೆಂಗಸಿಗೆ ಒಂದು ಡಬ್ಬ ಹಾಲು ತರಲೂ ಗಂಡ ಮನೆಗೆ ಬರಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಗಂಡಸರೆಲ್ಲ ಕಂಪನಿಗಳಿರುವ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಡೆ ಕೆಲಸಕ್ಕೆ ಹೋದರೆಂದರೆ ನಮ್ಮ ಬೀದಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಅಂಥ ಹೊಸ ಹೆಂಡತಿಯರಿಗೆಲ್ಲ ಡ್ರೈವಿಂಗ್ ಕಲಿಸಿದವರು ಅವರು. ಶನಿವಾರ ಮಧ್ಯಾಹ್ನ ಒಂದು ಚರ್ಚಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ, ತಮ್ಮದೇ ಹಳೆಯ ಕಾರಿನಲ್ಲಿ. ನಾನು ದೀಪದ ಕಂಬಕ್ಕೆ ಗುದ್ದಿದಾಗ ಇಳಿದುಹೋಗಿ ಕಂಬವನ್ನು ಸವರಿ ನೋಡಿ, "ಕಂಬಕ್ಕೇನೂ ಆಗಿಲ್ಲಮ್ಮ, ನೀನು ಮುಂದೆ ನಡಿ" ಎಂದರು. ಕಾರಿಗೆ ಏನಾಗಿದೆ ಎಂದು ನೋಡಲೂ ಇಲ್ಲ. "ಕಾಲು ಬ್ರೇಕ್ ಹತ್ರ ಇರ್ಲಿ, ಕಣ್ಣು ದೂರ ಇರ್ಲಿ" ಎನ್ನುತ್ತಿದ್ದರು. ಇಂದಿಗೂ ಹೈವೇಗೆ ಏರುವಾಗ ನನಗೆ ಆ ದನಿ ಕೇಳುತ್ತದೆ. ಕೇಳಬಾರದು ಎಂದುಕೊಂಡರೂ ಕೇಳುತ್ತದೆ.

ತೆಳ್ಳಗಿನ ಮನುಷ್ಯ. ಬೂಟಿಗೆ ಪಾಲಿಶ್ ತಪ್ಪಿಸಿದವರಲ್ಲ. ಯಾರ ಮನೆಗೆ ಹೋದರೂ ಆ ಮನೆಯ ಮಕ್ಕಳ ಹುಟ್ಟಿದ ದಿನ ಅವರಿಗೆ ನೆನಪಿರುತ್ತಿತ್ತು. ಉಪ್ಪಿಟ್ಟಿಗೆ ಸಕ್ಕರೆ ಹಾಕಿಸಿಕೊಳ್ಳುತ್ತಿದ್ದರು. ಎದುರಿನವರು ತಮ್ಮ ಕಷ್ಟ ಹೇಳಿಕೊಳ್ಳಲು ಶುರುಮಾಡಿದ ಕೂಡಲೇ ಕೈಗಡಿಯಾರ ಬಿಚ್ಚಿ ಮುಖ ಕೆಳಗಾಗಿ ಮೇಜಿನ ಮೇಲಿಡುತ್ತಿದ್ದರು. ನಿನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎಂಬಂತೆ. ಇಲ್ಲಿ ಯಾರೂ ಯಾರಿಗೂ ಅಷ್ಟು ಹೊತ್ತು ಕೊಡುತ್ತಿರಲಿಲ್ಲ. ಎಷ್ಟು ಜನ ಆ ಗಡಿಯಾರದ ಮುಂದೆ ಎಷ್ಟೆಷ್ಟು ಹೇಳಿಕೊಂಡಿದ್ದಾರೋ ಎಂದು ಈಗ ಯೋಚಿಸುತ್ತೇನೆ.

ಊರಲ್ಲಿದ್ದಾಗ ಅವರು ಕೃಷಿ ಇಲಾಖೆಯಲ್ಲಿ ಹಳ್ಳಿಹಳ್ಳಿ ತಿರುಗಿದವರು. ಇಲ್ಲಿಗೆ ಬಂದಮೇಲೂ ಅಂಥದೇ ಯಾವುದೋ ಕಚೇರಿಯಲ್ಲಿದ್ದು ನಿವೃತ್ತರಾಗಿದ್ದರು. ಕೆಲವು ಅಮೆರಿಕನ್ ಗೆಳೆಯರನ್ನು ಸೇರಿಸಿಕೊಂಡು ಒಂದು ಸಣ್ಣ ಸ್ವಯಂಸೇವಕರ ತಂಡ ಕಟ್ಟಿದ್ದರು. ರಾಜ್ಯದ ಪೂರ್ವದ ಬಡ ಹಳ್ಳಿಗಳಿಗೆ ಜನರನ್ನು ಕಳಿಸಿ, ಸೋರುವ ಮನೆ ರಿಪೇರಿ, ಬಾವಿ, ಕಕ್ಕಸು, ಸರ್ಕಾರದ ಅರ್ಜಿ, ಇಂಥ ಕೆಲಸಗಳಿಗೆ ನೆರವಾಗುವ ತಂಡ. ನಾನು ಮೈಸೂರಿನಲ್ಲಿ ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ್ದೆ. ಗಂಡನ ವೀಸಾದ ಬಾಲಕ್ಕೆ ಕಟ್ಟಿಕೊಂಡು ಬಂದವಳಾದ್ದರಿಂದ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಅದನ್ನು ಹೇಳಿಕೊಂಡಾಗ ಅವರು, "ವೀಸಾ ಕೆಲಸ ಮಾಡಬೇಡ ಅಂತಷ್ಟೇ ಹೇಳತ್ತೆ. ಉಪಯೋಗಕ್ಕೆ ಬರಬೇಡ ಅಂತ ಎಲ್ಲಿ ಬರ್ದಿದೆ?" ಎಂದರು. ಆ ಮಾತಿಗೆ ನಾನು ಕರಗಿಹೋದೆ. ಒಂದು ವರ್ಷದಿಂದ ಯಾರೂ ನನಗೆ ಉಪಯೋಗ ಎಂಬ ಪದವನ್ನು ಅನ್ವಯಿಸಿರಲಿಲ್ಲ.

ನನ್ನ ಗಂಡನ ಅಕ್ಕ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿದ್ದಾರೆ. ಅವರನ್ನು ನಾನು ಅತ್ತಿಗೆ ಎನ್ನುತ್ತೇನೆ. ಅವರಿಗೆ ಅಂಕಲ್ ಎಷ್ಟೋ ವರ್ಷದ ಪರಿಚಯ. ವಾಷಿಂಗ್ಟನ್ ಕಡೆ ಹೋದರೆ ಅವರು ಇಳಿದುಕೊಳ್ಳುತ್ತಿದ್ದದ್ದೇ ಅತ್ತಿಗೆಯ ಮನೆಯಲ್ಲಿ. ನಾನು ಹಳ್ಳಿಗೆ ಹೊರಟ ಸುದ್ದಿ ಕೇಳಿ ಅತ್ತಿಗೆ ಫೋನಿನಲ್ಲಿ ತುಂಬ ನಕ್ಕರು. "ಅಲ್ಲ ಕಣೇ ಸುಮಾ, ಅಮೆರಿಕಾದ ಹಳ್ಳಿ ಉದ್ಧಾರ ಮಾಡೋಕೆ ಮೈಸೂರಿಂದ ನೀನು ಬರಬೇಕಾಗಿತ್ತಾ? ಇವರೇ ನಮ್ಮೂರಿಗೆ ಬಂದು ಉದ್ಧಾರ ಮಾಡ್ತಿದ್ರಪ್ಪ." ಆಮೇಲೆ, ಅಂಕಲ್ ಹೇಳಿದ್ದಾರೆ ಅಂದಮೇಲೆ ಸರಿಯೇ ಇರುತ್ತದೆ, ಹೋಗಿ ಬಾ ಎಂದೂ ಹೇಳಿದರು.

ಕ್ಯಾರಿಯಿಂದ ಪೂರ್ವಕ್ಕೆ ಎರಡು ಗಂಟೆ. ನೆಲ ಸಮವಾಗುತ್ತ ಹೋಗಿ ಕೊನೆಗೆ ಹಲಗೆಯ ಹಾಗಾಗುತ್ತದೆ. ಹತ್ತಿ, ಹೊಗೆಸೊಪ್ಪು, ಗೆಣಸು. ನಡುನಡುವೆ ಪೈನ್ ಮರಗಳ ಗುಂಪು. ಊರೆಂದರೆ ಒಂದು ಚರ್ಚು, ಒಂದು ಅಂಗಡಿ, ಒಂದು ಪೆಟ್ರೋಲ್ ಪಂಪು, ದೂರದೂರಕ್ಕೆ ಮನೆಗಳು. ಎಲ್ಲರೂ ಕಪ್ಪು ಜನ, ಬಹುಪಾಲು ವಯಸ್ಸಾದವರು. ಸೋಮವಾರ ಹೋಗಿ ಗುರುವಾರ ವಾಪಸು ಬರುವುದೆಂದು ನಿಗದಿಯಾಯಿತು. ನನಗೆ ಹಿಂಬದಿಯ ಕೋಣೆ ಕೊಟ್ಟವರು ಮಿಸ್ ಅರ್ಲೀನ್. ಅಲ್ಲಿ ಹಿರಿಯರನ್ನು ಬರಿ ಹೆಸರಿನಿಂದ ಕರೆಯುವಂತಿಲ್ಲ. ಮದುವೆಯಾಗಿದ್ದರೂ ಹೆಸರಿನ ಮುಂದೆ ಮಿಸ್ ಸೇರಿಸಬೇಕು. ಎಪ್ಪತ್ತು ದಾಟಿತ್ತು. ಶಾಲೆಯ ಅಡುಗೆಮನೆಯಲ್ಲಿ ಇಡೀ ಆಯುಷ್ಯ ದುಡಿದಿದ್ದರು. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ.

ಮೊದಲ ಎರಡು ವಾರ ಯಾರೂ ನನಗೆ ಬಾಗಿಲು ತೆಗೆಯಲಿಲ್ಲ. ನಮ್ಮಲ್ಲಿ ಹಳ್ಳಿಯ ಸಮೀಕ್ಷೆಗೆ ಹೋದರೆ ನೆಟ್ಟಗೆ ಜಗುಲಿ ಹತ್ತಿ ಕುಳಿತುಬಿಡುವುದೇ ರೂಢಿ. ಮನೆಯವರು ನೀರು ತರುತ್ತಾರೆ. ನಾನೂ ಹಾಗೇ ಮಾಡಿದೆ. ಒಳಗೆ ಟಿ.ವಿ. ಓಡುತ್ತಿರುತ್ತಿತ್ತು, ಪರದೆ ಅಲ್ಲಾಡುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಮಿಸ್ ಅರ್ಲೀನ್ ಒಂದು ಸಂಜೆ ನನ್ನ ಮುಖ ನೋಡಿ ಏನು ಮಾಡಿದೆ ಎಂದು ವಿಚಾರಿಸಿದರು. ಹೇಳಿದೆ. ಅವರು ಕಣ್ಣೀರು ಬರುವಷ್ಟು ನಕ್ಕರು. ಕೇಳದೆ ಮೆಟ್ಟಿಲು ಹತ್ತುವವರು ಪೊಲೀಸರು, ಇಲ್ಲ ವಿಮೆಯವರು. ನೀನು ಅಂಗಳದಲ್ಲೇ ನಿಂತು ಅವರ ಹೆಸರು ಹಿಡಿದು ಕೂಗಬೇಕು, ಅವರು ಬಾ ಎನ್ನುವವರೆಗೆ ಅಲ್ಲೇ ನಿಂತಿರಬೇಕು ಎಂದರು. ಮರುದಿನ ಅಂಗಳದಲ್ಲಿ ನಿಂತು ಕೂಗಿದೆ. ಬಾ ಎಂದರು. ಊರಲ್ಲಿ ಅಷ್ಟು ವರ್ಷ ಹಳ್ಳಿ ಸುತ್ತಿದ್ದ ಅಂಕಲ್‌ಗೆ ಇದು ಗೊತ್ತಿರಲಿಲ್ಲವೇ, ಗೊತ್ತಿದ್ದೂ ಹೇಳಲಿಲ್ಲವೇ ಎಂದು ಆಗ ನನಗೆ ಅನ್ನಿಸಲಿಲ್ಲ. ಈಗ ಅನ್ನಿಸುತ್ತದೆ, ಈಗ ಅವರ ಎಲ್ಲದರಲ್ಲೂ ನನಗೆ ಕೇಡೇ ಕಾಣುತ್ತದೆ. ಅದು ನ್ಯಾಯವಲ್ಲ ಎಂದು ಬಲ್ಲೆ.

ಆಮೇಲೆ ನಾನು ಅಲ್ಲಿ ನೆಲೆಯೂರಿದೆ ಎಂದೇ ಹೇಳಬೇಕು. ಅವರ ಸೊಪ್ಪಿನ ಪಲ್ಯಕ್ಕೆ ಹಂದಿಯ ಮೂಳೆ ಬಿದ್ದೇ ಬೀಳುತ್ತದೆ. ಮಿಸ್ ಅರ್ಲೀನ್ ನನಗಾಗಿ ಒಂದು ಚಿಕ್ಕ ಪಾತ್ರೆ ಬೇರೆ ಇಟ್ಟರು, ಅದರ ಹಿಡಿಗೆ ಕೆಂಪು ದಾರ ಕಟ್ಟಿದರು, ಬೇರೆ ಯಾರೂ ಮುಟ್ಟದ ಹಾಗೆ ನೋಡಿಕೊಂಡರು. ಬೆಂಡೆಕಾಯಿ ಅವರಿಗೂ ಪ್ರಾಣ. ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯನ್ನು ಅವರು ಬುಟ್ಟಿಯಲ್ಲಿ ನನ್ನ ಮುಂದಿಟ್ಟ ದಿನ ನಾನು ಇಡೀ ಬುಟ್ಟಿ ಖಾಲಿ ಮಾಡಿದೆ. ಭಾನುವಾರ ಸಂಜೆ ಕ್ಯಾರಿಯಲ್ಲಿ ಬಟ್ಟೆ ತುಂಬಿಕೊಳ್ಳುವಾಗ ನನಗೆ ತವರಿಗೆ ಹೊರಟ ಹಾಗಾಗುತ್ತಿತ್ತು. ನನ್ನ ಗಂಡ ಇದನ್ನು ಹಾಸ್ಯ ಮಾಡುತ್ತಿದ್ದರು, ಸ್ವಲ್ಪ ಸಂಕಟಪಡುತ್ತಲೂ ಇದ್ದರು.

ಮಿಸ್ ಅರ್ಲೀನರ ಮನೆಯ ಸೂರು ಮಲಗುವ ಕೋಣೆಯಲ್ಲೇ ಸೋರುತ್ತಿತ್ತು. ರಿಪೇರಿಗೆ ಸರ್ಕಾರದ ಸಹಾಯಕ್ಕೆ ಅರ್ಜಿ ತುಂಬಲು ಕುಳಿತೆವು. ಮೊದಲನೆಯ ಪ್ರಶ್ನೆಗೇ ನಿಂತೆವು: ಜಾಗ ಯಾರ ಹೆಸರಿನಲ್ಲಿದೆ? ಅದು ಅವರ ಅಜ್ಜನ ಹೆಸರಿನಲ್ಲಿತ್ತು. ಅಜ್ಜ ಎಂದೋ ಹೋಗಿದ್ದ. ಉಯಿಲು ಬರೆದಿರಲಿಲ್ಲ. ಆ ಊರಿನಲ್ಲಿ ಯಾರೂ ಬರೆದವರಲ್ಲ. ಬಿಳಿಯರ ಕಚೇರಿಗೆ ಹೋದರೆ ಇದ್ದದ್ದೂ ಹೋಗುತ್ತದೆ ಎಂಬ ಭಯ. ಹೀಗಾಗಿ ಮನೆಯೂ ಸೇರಿ ಆ ಮೂವತ್ತು ಎಕರೆ ಜಾಗ ಅಜ್ಜನ ಎಲ್ಲ ಸಂತಾನಕ್ಕೂ ಸೇರಿತ್ತು, ಯಾರ ಪಾಲು ಎಲ್ಲಿ ಎಂದು ಗುರುತಿಲ್ಲದೆ. ನನಗಿದು ಹೊಸದೇನಲ್ಲ. ನನ್ನ ತಂದೆ ತಾಲ್ಲೂಕು ಕಚೇರಿಯಲ್ಲಿದ್ದರು. ಖಾತೆ ಆಗಬೇಕಾದರೆ ಮೊದಲು ವಂಶಾವಳಿ ಬೇಕು ಎಂದು ನಾನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು. ಅಜ್ಜನಿಂದ ಹಿಡಿದು ಯಾರು, ಯಾರ ಮಕ್ಕಳು, ಯಾರು ಇದ್ದಾರೆ, ಯಾರು ಇಲ್ಲ, ಎಲ್ಲಿದ್ದಾರೆ ಎಂದು ಬರೆದು ಎಲ್ಲರ ಸಹಿ ತಂದರೆ ಆಯಿತಲ್ಲ ಎಂದೆ. ಬಹಳ ಉತ್ಸಾಹದಿಂದ ಹೇಳಿದೆ. ಹೊಸ ಹಸಿರು ನೋಟ್‌ಬುಕ್ಕನ್ನೂ ಕೊಂಡೆ.

ಅವರು ತಡೆದರು. ಮನೆಯ ಮಾತು ಕಾಗದಕ್ಕೆ ಇಳಿದರೆ ಕಾಗದಕ್ಕೆ ಕಾಲು ಬರುತ್ತದೆ ಎಂದರು. ನಾನು ಅದುವರೆಗೆ ಬರೆದಿದ್ದ ಪುಟ ತೋರಿಸಿದೆ. ಎಂದಿನಂತೆ ಕನ್ನಡದಲ್ಲೇ ಬರೆದಿದ್ದೆ. ಅವರು ಕನ್ನಡಕ ಏರಿಸಿಕೊಂಡು, ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಷರಗಳ ಮೇಲೆ ಬೆರಳಾಡಿಸಿದರು. ಆ ಊರಿನಲ್ಲಿ ಇದನ್ನು ಓದಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಈ ಕೌಂಟಿಯಲ್ಲಿ? ಇಲ್ಲ. ನ್ಯಾಯಾಲಯದಲ್ಲಿ, ಬ್ಯಾಂಕಿನಲ್ಲಿ? ಅಲ್ಲೆಲ್ಲೂ ಇಲ್ಲ ಎಂದು ನಕ್ಕೆ. "ಹಾಗಾದ್ರೆ ಬರ್ಕೋ" ಎಂದರು. ಅವರ ಮಾತು ಇಂಗ್ಲಿಷಿನಲ್ಲಿ ಹೇಗಿತ್ತೋ ನನಗೀಗ ನೆನಪಿಲ್ಲ. ನೋಟ್‌ಬುಕ್ಕಿನಲ್ಲಿ ಉಳಿದಿರುವುದು ನನ್ನ ಕನ್ನಡವೇ.

ಅವರೆಕಾಳಿನಂಥ ದಪ್ಪ ಕಾಳನ್ನು ಸುಲಿಯುತ್ತ ಆರು ಮಧ್ಯಾಹ್ನ ಹೇಳಿದರು. ಕೊನೆಯ ದಿನ ಹೇಳಿದ್ದು ಅವರ ತಂಗಿಯ ವಿಷಯ. ತಂಗಿಗೆ ಹದಿನೇಳರಲ್ಲಿ ಒಂದು ಹೆಣ್ಣು ಮಗು ಆಗಿತ್ತು, ಮದುವೆಗೆ ಮುಂಚೆ. ತಾಯಿ ಅದನ್ನು ರೈಲಿನಲ್ಲಿ ಒಯ್ದು ವಾಷಿಂಗ್ಟನ್ನಿನಲ್ಲಿದ್ದ ಗೆಳತಿಯೊಬ್ಬಳ ಮಡಿಲಿಗೆ ಹಾಕಿ ಬಂದಳು. ಊರಿಗೆ ಗೊತ್ತಾಗಲಿಲ್ಲ. ತಂಗಿ ಆಮೇಲೆ ಮದುವೆಯಾಗಿ, ಚರ್ಚಿನಲ್ಲಿ ಹಾಡಿ, ಮರ್ಯಾದೆಯಿಂದ ಬಾಳಿ ಹೋದಳು. ಆ ಮಗಳು ಮಾತ್ರ ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು ದೊಡ್ಡಮ್ಮನಿಗೆ ಕಳಿಸುತ್ತಿದ್ದಳು. ಕಾರ್ಡು ಹಿಟ್ಟಿನ ಡಬ್ಬದ ಕೆಳಗಿತ್ತು. ವಿಳಾಸ ಬರೆದುಕೋ ಎಂದರು ಮಿಸ್ ಅರ್ಲೀನ್. ಅರ್ಜಿಗಲ್ಲ. ತಾವು ತೀರಿಹೋದರೆ ಅವಳಿಗೆ ತಿಳಿಸುವವರು ಯಾರಾದರೂ ಬೇಕು, ಅದಕ್ಕೆ. ಬೇರೆ ಯಾರಿಗೂ ಹೇಳುವುದಿಲ್ಲ ಎಂದು ನಾನು ಅವರ ಕೈ ಹಿಡಿದು ಹೇಳಿದೆ.

ಅಲ್ಲಿಂದ ಎರಡು ಭಾನುವಾರ ಕಳೆದ ಮೇಲೆ ಅಂಕಲ್ ನಮ್ಮ ಮನೆಗೆ ಊಟಕ್ಕೆ ಬಂದರು. ಬಿಸಿಬೇಳೆ ಬಾತ್ ಮಾಡಿದ್ದೆ. ಇದೊಂದರಲ್ಲಿ ನನಗೆ ಅನುಮಾನವಿಲ್ಲ. ಕೆಲಸ ಹೇಗೆ ನಡೆದಿದೆ ಎಂದು ವಿಚಾರಿಸುತ್ತ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅರ್ಜಿ, ಅಜ್ಜ, ಮೂವತ್ತು ಎಕರೆ, ನಮ್ಮ ತಂದೆಯ ಕಚೇರಿ, ಎಲ್ಲ ಹೇಳಿದೆ. ನನ್ನ ತಾಲ್ಲೂಕು ಕಚೇರಿಯ ಉಪಾಯ ಅಮೆರಿಕಾದಲ್ಲಿ ಕೆಲಸಕ್ಕೆ ಬಂತು ಎಂಬ ಹೆಮ್ಮೆ ನನಗೆ. ತಂಗಿಯ ವಿಷಯ ಹೇಳಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೆ ನೋಟ್‌ಬುಕ್ ಅವರ ಕೈಗೆ ಹೋಯಿತು.

ಹೇಗೆ ಹೋಯಿತು ಎಂಬುದನ್ನೇ ನಾನು ಸಾವಿರ ಸಲ ನೆನೆದಿದ್ದೇನೆ. ಒಂದು ನೆನಪಿನಲ್ಲಿ ಅವರು ಕೈಚಾಚಿ, "ಕೊಡಮ್ಮ, ಅರ್ಜಿ ಜೊತೆ ನಾನೊಂದು ಕಾಗದ ಬರೀತೀನಿ, ವಿಷಯ ಗೊತ್ತಿರಬೇಕಲ್ಲ" ಎನ್ನುತ್ತಾರೆ. ಇನ್ನೊಂದರಲ್ಲಿ ಅವರು ಸುಮ್ಮನೆ ಕುಳಿತಿರುತ್ತಾರೆ, ನಾನೇ ಒಳಗೆ ಹೋಗಿ ತಂದು, "ನೋಡಿ ಅಂಕಲ್" ಎಂದು ಕೊಡುತ್ತೇನೆ. ಆ ದಿನದ ದಿನಚರಿಯಲ್ಲಿ 'ಅಂಕಲ್ ನೋಟ್‌ಬುಕ್ ಓದಲು ಕೊಂಡುಹೋದರು' ಎಂದಷ್ಟೇ ಇದೆ. ಯಾರು ಮೊದಲು ಎಂದಿಲ್ಲ. ಅಲ್ಲಿ ಓದಬಲ್ಲವರು ಯಾರೂ ಇಲ್ಲ ಎಂದು ಮಾತು ಕೊಟ್ಟವಳು, ಓದಬಲ್ಲ ಮನುಷ್ಯ ನನ್ನ ಊಟದ ಮೇಜಿಗೇ ಬರುತ್ತಾರೆ ಎಂಬುದನ್ನು ಮರೆತಿದ್ದೆ. ನಮ್ಮವರು ಎಂಬ ಭಾವನೆ ಅಷ್ಟು ಗಟ್ಟಿಯಾಗಿತ್ತು. ನಮ್ಮ ಭಾಷೆಯವರು ಓದಿದರೆ ಅದು ಓದಿದ ಲೆಕ್ಕಕ್ಕೇ ಬರುವುದಿಲ್ಲ ಎಂದುಕೊಂಡಿದ್ದೆನೋ ಏನೋ.

ಮೂರು ವಾರದ ನಂತರ ನೋಟ್‌ಬುಕ್ ವಾಪಸು ಬಂತು. ನಡುವೆ ಒಂದು ವಾರ ಅವರು ಯಾವುದೋ ಸಭೆಗೆಂದು ವಾಷಿಂಗ್ಟನ್ ಕಡೆ ಹೋಗಿದ್ದರು. ಶಾಲೆಯ ಪುಸ್ತಕಕ್ಕೆ ಹಾಕುವಂತೆ ಕಂದು ಕಾಗದದ ಹೊದಿಕೆ ಹಾಕಿ, ಮಡಚಿದ್ದ ಹಾಳೆಯ ಮೂಲೆಗಳನ್ನೆಲ್ಲ ನೆಟ್ಟಗೆ ಮಾಡಿ ಕೊಟ್ಟರು. "ಅಕ್ಷರ ಮುತ್ತಿನ ಹಾಗಿದೆ. ಇಂಥ ಕೆಲಸ ನಮ್ಮ ಇಲಾಖೆಯಲ್ಲೂ ಯಾರೂ ಮಾಡಿದ್ದಿಲ್ಲ" ಎಂದರು. ನಾನು ಆ ಹೊಗಳಿಕೆಯನ್ನೂ ದಿನಚರಿಯಲ್ಲಿ ಬರೆದಿಟ್ಟೆ. ಅದನ್ನು ಹರಿದು ಹಾಕಿಲ್ಲ. ಹಾಗೇ ಇಟ್ಟಿದ್ದೇನೆ, ನನಗೆ ಬೇಕು.

ಬೇಸಿಗೆಯಲ್ಲಿ ನ್ಯಾಯಾಲಯದಿಂದ ಕಾಗದ ಬಂತು. ಅಟ್ಲಾಂಟಾದ ಒಂದು ಕಂಪನಿ ಆ ಜಾಗದ ವಾರಸುದಾರರೊಬ್ಬರಿಂದ ಅವರ ಪಾಲನ್ನು ಕೊಂಡಿದೆ. ಈಗ ಆ ಕಂಪನಿಯೂ ಪಾಲುದಾರ. ಜಾಗವನ್ನು ತುಂಡು ಮಾಡಿ ಹಂಚಲು ಆಗುವುದಿಲ್ಲವಾದ್ದರಿಂದ ಇಡಿಯಾಗಿ ಹರಾಜು ಹಾಕಿ ಎಲ್ಲರಿಗೂ ಅವರವರ ಪಾಲು ಕೊಡಿಸಬೇಕೆಂದು ಕೋರಿಕೆ. ಒಂದು ಎಳೆ ಸಿಕ್ಕರೆ ಸಾಕು, ಇಡೀ ಬಟ್ಟೆ ಬಿಚ್ಚಬಹುದು. ಅಲ್ಲಿಯ ಕಾನೂನು ಹಾಗಿತ್ತು. ಪಾಲು ಮಾರಿದವಳ ಹೆಸರು ಟೈಪ್ ಮಾಡಿದ ಅಕ್ಷರಗಳಲ್ಲಿತ್ತು. ನಾನು ಕನ್ನಡದಲ್ಲಿ ಬರೆದುಕೊಂಡಿದ್ದ ಹೆಸರು. ವಾಷಿಂಗ್ಟನ್ನಿನ ಮಗಳು.

ಆ ಕಾಗದ ಊರಿನಲ್ಲಿದ್ದ ಎಲ್ಲ ದಾಯಾದಿಗಳಿಗೂ ಬಂದಿತ್ತು. ಯಾರಿವಳು ಎಂದು ಎಲ್ಲರೂ ಕೇಳಿದರು. ನಲವತ್ತು ವರ್ಷ ಮುಚ್ಚಿಟ್ಟದ್ದು ಒಂದು ಭಾನುವಾರದಲ್ಲಿ ಚರ್ಚಿನ ಎಲ್ಲ ಬೆಂಚುಗಳಿಗೂ ಹರಡಿತು. ಸತ್ತ ತಂಗಿಯ ಹೆಸರಿನ ಮುಂದೆ ಏನೇನೋ ಸೇರಿಕೊಂಡವು.

ಮಿಸ್ ಅರ್ಲೀನ್ ನನ್ನ ಮೇಲೆ ಕೂಗಾಡಲಿಲ್ಲ. ಸೋಮವಾರ ನಾನು ಹೋದಾಗ ನನ್ನ ಬಟ್ಟೆ, ಪುಸ್ತಕ ಎಲ್ಲ ಮಡಿಸಿ ಜಗುಲಿಯ ಕುರ್ಚಿಯ ಮೇಲಿಟ್ಟಿದ್ದರು. ತಾವು ಬಾಗಿಲಿನಲ್ಲಿ ನಿಂತಿದ್ದರು. "ಓದೋರು ಯಾರೂ ಇಲ್ಲ ಅಂದೆ ನೀನು" ಎಂದರು. ಅಷ್ಟೇ. ನಾನು ಏನೇನೋ ಹೇಳಿದೆ, ವಿಚಾರಿಸುತ್ತೇನೆ ಎಂದೆ, ವಕೀಲರನ್ನು ನೋಡೋಣ ಎಂದೆ. ಅವರು ತಲೆಯಾಡಿಸಿ ಬಾಗಿಲು ಮುಂದೆ ಮಾಡಿಕೊಂಡರು. ಬೇರೆ ಮನೆಗಳಿಗೆ ಹೋದೆ. ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗಿದೆ. ಪರದೆ ಅಲ್ಲಾಡಿತು. ಯಾರೂ ಬಾ ಎನ್ನಲಿಲ್ಲ.

ಹರಾಜು ನ್ಯಾಯಾಲಯದ ಮೆಟ್ಟಿಲ ಮೇಲೆ ನಡೆಯಿತು. ನಾನು ರಸ್ತೆಯ ಈಚೆ ಕಾರಿನಲ್ಲಿ ಕುಳಿತು ನೋಡಿದೆ. ಒಬ್ಬ ಕಾಗದ ಓದಿದ, ಮೂರು ಜನ ಕೇಳಿಸಿಕೊಂಡರು, ಮುಗಿಯಿತು. ಒಂದು ಕಾಫಿ ಕುಡಿಯುವಷ್ಟು ಹೊತ್ತು. ಮಿಸ್ ಅರ್ಲೀನ್ ದಾಯಾದಿಯೊಬ್ಬರ, ಗಾಲಿಗಳ ಮೇಲಿನ ಟ್ರೈಲರ್ ಮನೆಗೆ ಹೋದರು. ಎರಡನೆಯ ಚಳಿಗಾಲದಲ್ಲಿ ತೀರಿಕೊಂಡರು ಎಂದು ಆಮೇಲೆ ತಂಡದ ಒಬ್ಬರಿಂದ ಗೊತ್ತಾಯಿತು. ಆ ಮಗಳಿಗೆ ಯಾರು ತಿಳಿಸಿದರೋ. ನಾನಂತೂ ಪತ್ರ ಬರೆದೆ, ವಿಳಾಸ ನನ್ನಲ್ಲಿತ್ತಲ್ಲ. ಉತ್ತರ ಬರಲಿಲ್ಲ.

ಹರಾಜಿನ ಮರುವಾರ ನಾನು ಅಂಕಲ್ ಮನೆಗೆ ಹೋದೆ. ಅವರು ಬಾ ತಾಯಿ ಎಂದು ಕೂರಿಸಿ, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ನೋಟ್‌ಬುಕ್ಕನ್ನು ಯಾರಿಗಾದರೂ ತೋರಿಸಿದಿರಾ ಎಂದು ಕೇಳಿದೆ.

"ಕನ್ನಡದಲ್ಲಿ ಬರ್ದಿದ್ದೀಯಲ್ಲಮ್ಮ, ಯಾರಿಗೆ ತೋರಿಸಿ ಏನು ಪ್ರಯೋಜನ?"

"ಯಾರಿಗಾದ್ರೂ ಹೇಳಿದ್ರಾ?"

"ನಾನು ಓದಿದೆ. ಓದೋದು ತಪ್ಪಾ? ನೀನೇ ಕೊಟ್ಟಿದ್ದು."

ಆ ಕೊನೆಯ ಎರಡು ಪದಗಳನ್ನು ಅವರು ಬಹಳ ಮೆಲ್ಲಗೆ ಹೇಳಿದರು. ಆಮೇಲೆ, ಆ ಮನೆ ಹೇಗೂ ಸೋರುತ್ತಿತ್ತು, ಆಕೆಗೂ ವಯಸ್ಸಾಗಿತ್ತು, ಇವತ್ತಲ್ಲ ನಾಳೆ ಆಗಬೇಕಾದದ್ದೇ, ಕೈಗೆ ನಾಲ್ಕು ಕಾಸಾದರೂ ಬಂತಲ್ಲ ಎಂದರು. ಅವರ ಹೆಂಡತಿ ಕೋಡುಬಳೆ ತಂದಿಟ್ಟರು. ನಾನು ಒಂದು ತಿಂದೆ ಎಂದು ನೆನಪು. ಅದಕ್ಕೆ ನನಗೆ ಇಂದಿಗೂ ಅವಮಾನವಾಗುತ್ತದೆ.

ಅವರೇ ಮಾಡಿದರೆಂದು ಆಗ ನನ್ನಲ್ಲಿ ಸಾಕ್ಷಿ ಏನಿತ್ತು? ನೋಟ್‌ಬುಕ್ಕಿನಲ್ಲಿ ಆ ಮಗಳ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನ ಒಂದು ಸಣ್ಣ ಗುರುತು ಇದೆ. ಅದನ್ನು ನಾನೇ ಹಾಕಿರಬಹುದು. ಮಿಸ್ ಅರ್ಲೀನರೇ ಬೇರೆ ಯಾರಿಗಾದರೂ ಹೇಳಿರಬಹುದು, ಅಂಚೆಯವನು ಕಾರ್ಡು ನೋಡಿರಬಹುದು. ಹೀಗೆ ನಾನೇ ಅವರ ಪರವಾಗಿ ವಾದಿಸಿದೆ. ವಾದಿಸುತ್ತಲೇ ನನ್ನ ಕೈಲಾದ ಶಿಕ್ಷೆಯನ್ನೂ ಕೊಟ್ಟೆ. ನನ್ನ ಮಗಳ ನಾಮಕರಣದ ಮರುದಿನ ಅವರು ಬೆಳ್ಳಿಯ ಒಳಲೆ ಹಿಡಿದು ಬಂದಾಗ ಬಾಗಿಲಲ್ಲೇ ನಿಲ್ಲಿಸಿ, ಕಾಗದದ ಲೋಟದಲ್ಲಿ ಕಾಫಿ ಕೊಟ್ಟೆ. ಒಳಗೆ ಬನ್ನಿ ಎನ್ನಲಿಲ್ಲ. ಒಳಲೆ ವಾಪಸು ಕೊಟ್ಟೆ. ಅವರು ನಿಂತೇ ಕುಡಿದು, "ಕಾಫಿ ಚೆನ್ನಾಗಿದೆಯಮ್ಮ" ಎಂದು ಹೊರಟರು. ಅವರಿಗೆ ಅರ್ಥವಾಯಿತು, ನಮ್ಮಲ್ಲಿ ಹಿರಿಯರನ್ನು ಹೊಸಿಲಾಚೆ ನಿಲ್ಲಿಸುವುದೆಂದರೆ ಏನೆಂದು ಅವರಿಗೆ ಗೊತ್ತಿಲ್ಲದೆ ಇಲ್ಲ. ಆಮೇಲೂ ಎಲ್ಲೇ ಸಿಕ್ಕರೂ ಅವರು ನನ್ನ ಮಗಳ ಹುಟ್ಟಿದ ದಿನವನ್ನು ಸರಿಯಾಗಿ ಹೇಳುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ. ಎಲ್ಲರೂ ನನ್ನನ್ನೇ ಅಹಂಕಾರಿ ಎಂದರು. ನನ್ನ ಗಂಡನೂ ಒಮ್ಮೆ, ವಯಸ್ಸಾದವರು, ಬಿಡು ಎಂದರು. ಬಿಡಲಿಲ್ಲ. ಐದು ವರ್ಷ ಬಿಡಲಿಲ್ಲ. ಕಾಯುತ್ತಿದ್ದೆ ಎನ್ನುವುದು ಸರಿಯಾದ ಮಾತು.

ಉತ್ತರ ಹೇಳಲಾರದವರ ಮೇಲೆ ಹೀಗೆ ಬರೆಯುವುದು ಹೇಡಿತನ ಎಂದು ಓದಿದವರು ಹೇಳಬಹುದು. ಉತ್ತರ ಹೇಳಬಲ್ಲವರಾಗಿದ್ದಾಗ ಅವರ ಎದುರೇ ಕುಳಿತು ಕೇಳಿದ್ದೇನೆ. ಅವರು ಹೇಳಿದ್ದನ್ನು ಮೇಲೆ ಬರೆದಿದ್ದೇನೆ.

ಈಗ ಏಕೆ ಬರೆಯುತ್ತಿದ್ದೇನೆ ಎಂದರೆ, ವೈಕುಂಠ ಸಮಾರಾಧನೆಯ ದಿನ ಅವರ ಮಕ್ಕಳು ಎಲ್ಲರಿಗೂ ಒಂದು ಹಾಳೆ ಹಂಚಿದರು. ಮೇಲೆ ಅವರ ಫೋಟೊ, ಕೆಳಗೆ ಅವರ ಸಾಧನೆಗಳು. ಕೃಷಿ ಇಲಾಖೆ, ಸ್ವಯಂಸೇವಕರ ತಂಡ, ಕನ್ನಡ ಕಲಿಸಿದ್ದು. ಆರನೆಯ ಸಾಲಿನಲ್ಲಿ, ಅಟ್ಲಾಂಟಾದ ಒಂದು ಭೂ ಅಭಿವೃದ್ಧಿ ಕಂಪನಿಗೆ ಹಲವು ವರ್ಷ ಸಲಹೆಗಾರರಾಗಿದ್ದರು ಎಂದಿತ್ತು. ಕಂಪನಿಯ ಹೆಸರೂ ಇತ್ತು. ನ್ಯಾಯಾಲಯದ ಕಾಗದದಿಂದ ನಾನು ನಕಲು ಮಾಡಿಟ್ಟುಕೊಂಡಿದ್ದ ಹೆಸರು ಅದೇ. ಮಕ್ಕಳಿಗೆ ಏನೂ ಗೊತ್ತಿರಲಾರದು; ಅಭಿಮಾನದಿಂದ ಅಚ್ಚು ಹಾಕಿಸಿದ್ದಾರೆ. ನಾನು ಆ ಹಾಳೆ ಹಿಡಿದು ಎಲೆಯ ಮುಂದೆ ಕುಳಿತು ಪೂರ್ತಿ ಊಟ ಮಾಡಿದೆ. ಅಂಥ ರುಚಿಯಾದ ಊಟ ನಾನು ಮಾಡಿ ವರ್ಷಗಳಾಗಿದ್ದವು. ಇದನ್ನು ಬರೆಯಲು ನಾಚಿಕೆಯಾಗಬೇಕಿತ್ತು.

ಹದಿನೇಳು ದಿನದ ಹಿಂದೆ ಅತ್ತಿಗೆ ಫೋನ್ ಮಾಡಿದ್ದರು. ಅವರೂ ಸಂಚಿಕೆಗೆ ಬರೆಯುತ್ತಿದ್ದಾರೆ. ನನ್ನ ಗಂಡ ಈಗ ಎರಡು ಸಾವಿರದ ಇಸವಿ ಬರುವುದರೊಳಗೆಂದು ರಾತ್ರಿ ಹಗಲೆನ್ನದೆ ಕಂಪ್ಯೂಟರಿನ ಹಳೆಯ ಪ್ರೋಗ್ರಾಂ‌ಗಳಲ್ಲಿ ಎರಡಂಕಿಯ ವರ್ಷವನ್ನು ನಾಲ್ಕಂಕಿ ಮಾಡುವುದರಲ್ಲಿ ಮುಳುಗಿದ್ದಾರೆ, ಹಾಗಾಗಿ ಅತ್ತಿಗೆ ಮಾತಾಡುವುದೆಲ್ಲ ನನ್ನ ಹತ್ತಿರವೇ. ತಾವು ಬರೆದದ್ದನ್ನು ಓದಿ ಹೇಳಿದರು. ಅಂಕಲ್ ಎಷ್ಟು ಸರಳ, ತಮ್ಮ ಮನೆಯಲ್ಲಿ ಇಳಿದುಕೊಂಡಾಗ ತಮ್ಮ ತಟ್ಟೆ ತಾವೇ ತೊಳೆಯುತ್ತಿದ್ದರು, ಇಂಥವು. ಕೊನೆಗೆ, "ನೀನು ಹಳ್ಳಿಗೆ ಹೋಗ್ತಿದ್ದ ವರ್ಷ ಬಂದಿದ್ರಲ್ಲ, ಆಗಂತೂ ಮೀಟಿಂಗ್ ಮುಗಿದ ಮೇಲೆ ಎರಡು ದಿನ ನಾನೇ ವಾಷಿಂಗ್ಟನ್ನಲ್ಲಿ ಡ್ರೈವ್ ಮಾಡಿ ಸುತ್ತಿಸಿದೆ ಕಣೇ. ಮ್ಯೂಸಿಯಂ ತೋರಿಸ್ತೀನಿ ಅಂದ್ರೆ ಬೇಡ ಅಂದ್ಬಿಟ್ರು. ಅಷ್ಟು ಸಿಂಪಲ್ ಮನುಷ್ಯ" ಎಂದರು.

ನಾನು ಒಂದು ಮಾತು ಕೇಳಿದೆ. ಆ ಕಡೆಯಿಂದ ಕುಕ್ಕರಿನ ಸದ್ದು ಕೇಳುತ್ತಿತ್ತು. ಅತ್ತಿಗೆ, ಒಲೆ ಮೇಲೆ ಏನೋ ಇದೆ, ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟರು. ಪ್ರತಿ ಭಾನುವಾರ ಮಾಡುತ್ತಿದ್ದವರು ಅಂದಿನಿಂದ ಮಾಡಿಲ್ಲ. ನಾನು ಮಾಡಿದರೆ ಮಾತು ಹಿಡಿದಿಡುವ ಯಂತ್ರ ತೆಗೆದುಕೊಳ್ಳುತ್ತದೆ. ಅದಕ್ಕೂ ಆ ಮಾತನ್ನೇ ಹೇಳಿ ಇಟ್ಟಿದ್ದೇನೆ, ಮೂರು ಸಲ:

"ಅತ್ತಿಗೆ, ಮ್ಯೂಸಿಯಂ ಬೇಡ ಅಂದ ಮೇಲೆ ಅವರನ್ನ ಯಾರ ಮನೆ ಬಾಗಿಲಿಗೆ ಕರ್ಕೊಂಡು ಹೋದ್ರಿ?"